ಸ್ಟಾರ್ಟರ್ ಸಿಗ್ನಲ್ ನೋಡಲು ಹೋದ ಸಂಜೆ

ನನ್ನ ಗಂಡ ರೈಲ್ವೆಯಲ್ಲಿ ಸಿಗ್ನಲ್ ರಿಪೇರಿ ಮಾಡುತ್ತಿದ್ದರು. ಪಾರ್ಶ್ವವಾಯು ಹೊಡೆದ ಮೇಲೆ ಬಲಗೈ ಏಳದಾಯಿತು, ಮಾತು ಒಂದೊಂದೇ ಪದವಾಗಿ ಬರತೊಡಗಿತು. ಕೆಲಸ ಬಿಟ್ಟು, ಕ್ವಾರ್ಟರ್ಸ್ ಖಾಲಿ ಮಾಡಿ, ಲಿಂಗರಾಜಪುರದ ಬಾಡಿಗೆ ಮನೆಗೆ ಬಂದೆವು. ಅವರ ಪುಟ್ಟ ರೈಲು ನಿಲ್ದಾಣವೂ ನಮ್ಮೊಡನೆ ಬಂತು. ಪ್ಲೈವುಡ್ ಹಲಗೆಯ ಮೇಲೆ ವರ್ಷಗಟ್ಟಲೆ ಕೂತು ಮಾಡಿದ್ದು: ಎರಡು ಪ್ಲಾಟ್‌ಫಾರ್ಮ್, ನಾಲ್ಕು ಹಳಿ, ಒಂದು ನೀರಿನ ಟ್ಯಾಂಕು, ಬೆಂಕಿಪೊಟ್ಟಣದಷ್ಟು ಟೀ ಅಂಗಡಿ. ಸಾಗಿಸುವಾಗ ಮುರಿದಾವೆಂದು ಹನ್ನೊಂದು ಸಿಗ್ನಲ್‌ಗಳನ್ನೂ ನಾನೇ ಕಿತ್ತು ಡಬ್ಬಿಗೆ ತುಂಬಿದ್ದೆ. ಯಾವುದು ಎಲ್ಲಿತ್ತೆಂದು ಗುರುತು ಮಾಡಿಕೊಳ್ಳುವಷ್ಟು ವ್ಯವಧಾನ ಆಗ ಇರಲಿಲ್ಲ.

ಇಂದಿರಾನಗರದ ಲ್ಯಾಬೊಂದರಲ್ಲಿ ನನ್ನದು ರಕ್ತ ತೆಗೆಯುವ ಕೆಲಸ. ಬೆಳಿಗ್ಗೆ ಏಳಕ್ಕೇ ಖಾಲಿ ಹೊಟ್ಟೆಯ ಜನ ಸಾಲುಗಟ್ಟಿ ಕೂತಿರುತ್ತಾರೆ. ಹಗಲಲ್ಲಿ ಕೆಳಗಿನ ಮನೆಯ ಅಜ್ಜಿ ಆಗಾಗ ಬಂದು ಇವರನ್ನು ನೋಡಿಕೊಳ್ಳುತ್ತಿದ್ದರು. ಸಂಜೆ ನಾನು ಬಂದು ಇವರ ಮೈ ಒರೆಸಿ, ಕೈಗೆ ವ್ಯಾಯಾಮ ಮಾಡಿಸಿ, ಒಲೆ ಹಚ್ಚುವಷ್ಟರಲ್ಲಿ ಇವರ ಎಡಗೈ ಆ ಡಬ್ಬಿಯತ್ತ ಚಾಚುತ್ತಿತ್ತು.

ಮೊದಲ ದಿನ ಕಣ್ಣಿಗೆ ಚೆಂದ ಕಂಡಲ್ಲೆಲ್ಲ ನೆಟ್ಟೆ.

"ತಪ್ಪು," ಅಂದರು.

"ಯಾವುದು ರೀ?"

"ಎಲ್ಲಾ."

ಒಂದೊಂದೇ ಪದ ಜೋಡಿಸಿಕೊಂಡು ಅರ್ಥ ಮಾಡಿಕೊಳ್ಳಲು ವಾರಗಳೇ ಹಿಡಿದವು. ಸಿಗ್ನಲ್ ಡ್ರೈವರನ ಎಡಕ್ಕಿರಬೇಕು. ಒಳಬರುವ ಗಾಡಿಯನ್ನು ತಡೆಯುವ ಸಿಗ್ನಲ್, ಹಳಿ ಕವಲೊಡೆಯುವ ಮೊದಲೇ ಇರಬೇಕು. ಹೊರಡುವ ಗಾಡಿಗೆ ಅಪ್ಪಣೆ ಕೊಡುವುದು ಸ್ಟಾರ್ಟರ್. ಅದರ ಮುಂದೆ ನಿಂತ ಗಾಡಿಗೆ ಪಕ್ಕದ ಹಳಿಯಲ್ಲಿ ಬರುವ ಗಾಡಿ ತಾಗಬಾರದು. ಅಲ್ಲಿಗೆ ಐದು ಸಿಗ್ನಲ್ ಸರಿಹೋದವು. ಸ್ಟಾರ್ಟರ್ ಮಾತ್ರ ಎಲ್ಲಿ ನೆಟ್ಟರೂ ಇವರು ಅಲ್ಲವೆಂದು ತಲೆಯಾಡಿಸುತ್ತಿದ್ದರು. ಮುಂದೆ ಅಂದರೆ ಎಷ್ಟು ಮುಂದೆ, ಹಿಂದೆ ಅಂದರೆ ಎಷ್ಟು ಹಿಂದೆ, ಅವರಿಗೆ ಹೇಳಲಾಗುತ್ತಿರಲಿಲ್ಲ. ನನಗೂ ಕೇಳಿ ಕೇಳಿ ಸಾಕಾಗಿತ್ತು.

"ನಿಮಗೆ ಬೇರೆ ಯೋಚನೆನೇ ಇಲ್ವಾ? ನಂಗೂ ಕಾಲು ನೋಯ್ತದೆ," ಎಂದು ಒಂದು ದಿನ ಕೂಗಿಬಿಟ್ಟೆ. ಅವರು ಗೋಡೆಯ ಕಡೆ ಮುಖ ತಿರುಗಿಸಿದರು.

ಮರುದಿನ ಕೆಲಸ ಮುಗಿಸಿ ಬಸ್ಸಿನಲ್ಲಿ ಶಿವಾಜಿನಗರಕ್ಕೆ ಬಂದೆ. ರಸೆಲ್ ಮಾರುಕಟ್ಟೆಯಲ್ಲಿ ಎರಡು ಕಟ್ಟು ದಂಟಿನ ಸೊಪ್ಪು ಕೊಂಡು ಕಂಟೋನ್ಮೆಂಟ್ ಸ್ಟೇಷನ್ನಿಗೆ ನಡೆದೆ. ನಿಜವಾದ ಸ್ಟಾರ್ಟರ್ ಎಲ್ಲಿರುತ್ತದೆ ಎಂದು ಕಣ್ಣಾರೆ ನೋಡಿಬಿಟ್ಟರೆ ಈ ತಲೆನೋವು ಮುಗಿಯುತ್ತದೆಂದು ಅಂದುಕೊಂಡಿದ್ದೆ. ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು, ಜನರನ್ನು ದಾಟಿ, ಚಾವಣಿ ಮುಗಿಯುವಲ್ಲಿಗೆ, ಅಲ್ಲಿಂದಲೂ ಮುಂದೆ ತುದಿಯವರೆಗೆ ಹೋದೆ. ದೂರದಲ್ಲಿ ಕೆಂಪು ದೀಪ ಕಂಡಿತು. ಹಳಿಯ ಅಂಚಿಗೆ ನಿಂತು ಬಗ್ಗಿ ನೋಡುತ್ತಿದ್ದೆ. ಹಿಂದಿನಿಂದ ಯಾರೋ ನನ್ನ ತೋಳನ್ನು ಬಿಗಿಯಾಗಿ ಹಿಡಿದರು.

ರೈಲ್ವೆ ಪೊಲೀಸ್ ಹೆಂಗಸು. ನನಗಿಂತ ಚಿಕ್ಕವಳು.

"ಹಿಂದೆ ಬನ್ನಿ ಅಕ್ಕ. ಬನ್ನಿ ಅಂದೆ. ಮನೇಲಿ ಏನಾಯ್ತು?"

"ಏನಿಲ್ಲಮ್ಮ. ಸಿಗ್ನಲ್ ನೋಡ್ತಿದ್ದೆ."

"ಎಲ್ರೂ ಏನೋ ಒಂದು ಹೇಳ್ತಾರೆ. ನಿಮ್ಮ ಮುಖ ನೋಡ್ಕೊಂಡೇ ಅಲ್ಲಿಂದ ಬಂದೆ ನಾನು."

ಅವಳು ಏನು ತಿಳಿದಿದ್ದಾಳೆಂದು ಆಗ ಹೊಳೆಯಿತು. ನಗು ಬಂತು. ಆ ನಗು ಅರ್ಧದಲ್ಲೇ ಅಳುವಾಯಿತು. ತಡೆಯಲಾಗಲಿಲ್ಲ. ಅವಳು ನನ್ನನ್ನು ಬೆಂಚಿನ ಮೇಲೆ ಕೂರಿಸಿ ಬಾಟಲಿಯ ನೀರು ಕೊಟ್ಟಳು. ಗಂಡನ ಕಾಯಿಲೆ, ಹಲಗೆಯ ಮೇಲಿನ ನಿಲ್ದಾಣ, ಸರಿಯಾಗದ ಸ್ಟಾರ್ಟರ್, ಎಲ್ಲವನ್ನೂ ಹೇಳಿದೆ. ನಂಬಿದಳೋ ಇಲ್ಲವೋ, ನನ್ನ ಚೀಲ ಬಿಡಿಸಿ ಒಳಗೆ ನೋಡಿದಳು.

"ಸೊಪ್ಪು ತಗೊಂಡಿದ್ದೀರ. ಹಂಗಾದ್ರೆ ಪರವಾಗಿಲ್ಲ," ಅಂದಳು. ಆಮೇಲೆ ಮೆಲ್ಲಗೆ, "ಸರಿಯಾಗಿ ಮಲಗಿ ಎಷ್ಟು ದಿನ ಆಯ್ತು ಅಕ್ಕ?"

ಬಾಟಲಿಯ ಮುಚ್ಚಳ ಹಾಕಿ ಅವಳಿಗೆ ವಾಪಸು ಕೊಟ್ಟೆ. ಅವಳೇ ಎದ್ದು ಬೆರಳು ತೋರಿಸಿದಳು: ಎರಡು ಹಳಿಗಳು ಸೇರುವಲ್ಲಿಂದ ಎಷ್ಟೋ ಈಚೆಗೆ ಸ್ಟಾರ್ಟರ್ ಕಂಬವಿತ್ತು. ನಾನು ಹಲಗೆಯ ಮೇಲೆ ಅದನ್ನು ಸೇರುವ ಜಾಗಕ್ಕೇ ಅಂಟಿಸುತ್ತಿದ್ದೆ.

ಮನೆಗೆ ಬಂದು ನಡೆದದ್ದನ್ನು ತಮಾಷೆಯೆಂಬಂತೆ ಇವರಿಗೆ ಹೇಳಿದೆ. ಇವರು ನಗಲಿಲ್ಲ. ನಾನು ಡಬ್ಬಿ ತೆರೆಯಲು ಹೋದಾಗ ಎಡಗೈಯಿಂದ ಅದರ ಮುಚ್ಚಳ ಒತ್ತಿ ಹಿಡಿದರು.

"ಬೇಡ. ಮಲಗು."

"ಅನ್ನ ಇಡ್ಬೇಕು ರೀ."

"ಮಲಗು," ಎಂದರು ಮತ್ತೆ. ಕಾಯಿಲೆ ಬಂದಾಗಿನಿಂದ ಅವರು ನನ್ನ ಬಗ್ಗೆ ಆಡಿದ ಮೊದಲ ಮಾತು ಅದು.

ಅರ್ಧ ಗಂಟೆ ಮಲಗಿದೆ. ಎದ್ದಾಗ ಮೈಕೈ ಇನ್ನೂ ನೋಯುತ್ತಿತ್ತು. ಇವರು ಎಡಗೈಯಲ್ಲೇ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಎಲೆಗಿಂತ ಹೆಚ್ಚು ದಂಟೇ ಪಾತ್ರೆಗೆ ಬಿದ್ದಿತ್ತು. ಸ್ಟಾರ್ಟರ್ ಅನ್ನು ಭಾನುವಾರ ನೆಟ್ಟೆವು. ಇವರು ತಲೆಯನ್ನು ಹಲಗೆಯ ಮಟ್ಟಕ್ಕೆ ಬಗ್ಗಿಸಿ, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದರು.

"ಸರಿ," ಅಂದರು.

ಉಳಿದ ಐದನ್ನು ಇನ್ನೊಂದು ವಾರ ಮಾಡೋಣವೆಂದೆ. ಅವರು ಒಪ್ಪಿದರು.