ಬಸ್ ಹತ್ತದವರ ಲೆಕ್ಕ

ಇಲ್ಲಿಯ ಜನ ಬಸ್ ಸ್ಟಾಪಿಗೆ ಬಂದು ನಿಲ್ಲುತ್ತಾರೆ, ಬಸ್ಸು ಬಂದರೆ ಹತ್ತುವುದಿಲ್ಲ. ಈ ಊರಿನ ಬಗ್ಗೆ ನನ್ನ ಡೈರಿಯಲ್ಲಿ ಬರೆದ ಮೊದಲ ವಾಕ್ಯ ಇದು. ಜೂನ್ ೧೧, ಬುಧವಾರ. ಅದರ ಕೆಳಗೆ ಹೀಗಿದೆ: "ನಿಂತವರು ಮೂವರು. ಹೋದ ಬಸ್ಸು ನಾಲ್ಕು. ಹತ್ತಿದವರು ಸೊನ್ನೆ. ಯಾವ ಊರಿನವರೋ."

ಮೂವರಲ್ಲಿ ಒಬ್ಬಳು ತಲೆಯ ಮೇಲೆ ನೀಲಿ ಪ್ಲಾಸ್ಟಿಕ್ ಹೊದ್ದಿದ್ದಳು. ಮಳೆ ಹೊಡೆಯುತ್ತಿತ್ತು. ನಾನು ರಸ್ತೆಯ ಈಚೆ ಬದಿಯ ಆರೋಗ್ಯ ಉಪಕೇಂದ್ರದ ಕಿಟಕಿಯಿಂದ ನೋಡುತ್ತಿದ್ದೆ. ಒಂದು ಗಂಟೆಗೆ ಬಾಗಿಲು ಹಾಕುವವರೆಗೂ ನಿಂತಿದ್ದರು, ಆಮೇಲೆ ಕಾಣಲಿಲ್ಲ.

ಯಾದಗಿರಿಯಿಂದ ಬಂದು ನನಗಾಗ ಎಂಟು ದಿನ. ಹುದ್ದೆ ಸಮುದಾಯ ಆರೋಗ್ಯ ಅಧಿಕಾರಿ. ಹೆಸರು ದೊಡ್ಡದು; ಕೆಲಸ ಬಿ.ಪಿ. ನೋಡುವುದು, ಗರ್ಭಿಣಿಯರ ತೂಕ ಬರೆಯುವುದು, ಕ್ಷಯದವರಿಗೆ ತಿಂಗಳ ಮಾತ್ರೆ ಕೊಡುವುದು. ಬೆಳ್ತಂಗಡಿ ತಾಲೂಕು ಎನ್ನುವಷ್ಟು ಸಾಕು, ಹಳ್ಳಿಯ ಹೆಸರು ಬರೆಯುವುದಿಲ್ಲ. ಇದನ್ನು ಓದುವ ನಮ್ಮ ಕಡೆಯವರಿಗೆ ಅದರಿಂದ ಉಪಯೋಗವಿಲ್ಲ, ಇಲ್ಲಿಯವರಿಗೆ ನೋವಾಗುತ್ತದೆ.

ನಮ್ಮಲ್ಲಿ ಊರೆಂದರೆ ಒಂದು ಕಡೆ ಗುಂಪಾಗಿ ಕುಳಿತ ಮನೆಗಳು. ಇಲ್ಲಿ ಒಂದು ಮನೆಯಿಂದ ನೋಡಿದರೆ ಇನ್ನೊಂದು ಮನೆ ಕಾಣುವುದಿಲ್ಲ. ನಮ್ಮಲ್ಲಿ ಕೇರಿ ಎಲ್ಲಿ ಮುಗಿಯುತ್ತದೆ, ಮತ್ತೊಂದು ಎಲ್ಲಿ ಶುರುವಾಗುತ್ತದೆ ಎಂದು ಸಣ್ಣ ಮಗುವಿಗೂ ಗೊತ್ತು. ಇಲ್ಲಿ ಗೆರೆಯೇ ಕಾಣದಿದ್ದುದರಿಂದ ಗೆರೆ ಇಲ್ಲ ಎಂದುಕೊಂಡೆ. ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯಲು ಹತ್ತೊಂಬತ್ತು ದಿನ ಬೇಕಾಯಿತು. ಅವ್ವ ಕಟ್ಟಿಕೊಟ್ಟ ಜೋಳದ ರೊಟ್ಟಿ ಇಪ್ಪತ್ತನಾಲ್ಕು; ದಿನಕ್ಕೊಂದರಂತೆ ತಿಂದೆ, ಕೊನೆಯ ಐದಕ್ಕೆ ಬೂಷ್ಟು ಬಂತು.

ರೂಮು ಸಿಕ್ಕಿದ್ದು ಯಮುನಕ್ಕನ ಮನೆಯ ಹಿಂಬದಿಯಲ್ಲಿ. ಗದ್ದೆ, ತೋಟ ಇರುವ ಮನೆತನ, ಮಗ ದುಬೈಯಲ್ಲಿ. ಬೀಗದ ಕೈ ಕೊಡುವ ಮೊದಲು ಆಕೆ ಕೇಳಿದರು: "ಮೇಡಂ, ತಪ್ಪು ತಿಳ್ಕೊಳ್ಬೇಡಿ. ನಿಮ್ಮದು ಯಾವ ಜನ?"

"ನಾವು ಯಾದಗಿರಿ ಕಡೆಯವರು," ಎಂದೆ.

"ಓ, ಘಟ್ಟದವರು!" ಎಂದು ನಕ್ಕು ಬೀಗದ ಕೈ ಕೊಟ್ಟರು.

ಘಟ್ಟದ ಮೇಲಿನವರೆಲ್ಲ ಇವರಿಗೆ ಘಟ್ಟದವರೇ. ನಾನು ಮಾದಿಗರವಳು ಎಂದು ಹೇಳಲಿಲ್ಲ. ಡೈರಿಯಲ್ಲಿ ಬರೆದದ್ದು: "ರೂಮು ಸಿಕ್ಕಿತು."

ಕೇಂದ್ರದಲ್ಲಿ ನನಗೆ ಜತೆಯಿದ್ದವರು ಆಶಾ ಕಾರ್ಯಕರ್ತೆ ವಾರಿಜಕ್ಕ. ಐವತ್ತು ದಾಟಿದವರು, ಎಲೆಯಡಿಕೆಯ ಬಾಯಿ, ಎಲ್ಲರ ಮನೆಯ ಸುದ್ದಿ ಗೊತ್ತಿದ್ದವರು. ನನಗೆ ತುಳು ಕಲಿಸಿದವರೂ ಅವರೇ. ನನಗಿಂತ ಮೊದಲು ಇಲ್ಲಿದ್ದ ಸಿಸ್ಟರ್ ಪುಸ್ತಕಗಳನ್ನು ಸರಿಯಾಗಿ ಬರೆದಿರಲಿಲ್ಲ. ಹೊತ್ತು ಹೊತ್ತಿಗೆ ಬಾಗಿಲನ್ನೂ ತೆಗೆಯುತ್ತಿರಲಿಲ್ಲವಂತೆ. ನಾನು ಟೋಕನ್ ಮಾಡಿದೆ. ರಟ್ಟು ಕತ್ತರಿಸಿ ಒಂದರಿಂದ ನಲವತ್ತರವರೆಗೆ ಸಂಖ್ಯೆ ಬರೆದೆ. ಒಂಬತ್ತೂವರೆಗೆ ಬಾಗಿಲು ತೆಗೆಯುವುದು, ಒಂದಕ್ಕೆ ಹಾಕುವುದು, ಮಧ್ಯಾಹ್ನ ಮನೆ ಭೇಟಿ. ಒಂದೇ ವಾರದಲ್ಲಿ ಬರುವವರ ಸಂಖ್ಯೆ ಎರಡು ಪಟ್ಟಾಯಿತು. ಜಗಲಿ ತುಂಬಿ ಜನ ಬಾಗಿಲಿಗೆ ಒತ್ತುತ್ತಿದ್ದರು. ಆಗ ಕೂಗಲೆಂದು ವಾರಿಜಕ್ಕ ನನಗೊಂದು ವಾಕ್ಯ ಕಲಿಸಿದರು: "ಪಿದಾಯಿ ಉಂತುಲೆ." ಹೊರಗೆ ನಿಲ್ಲಿ ಎಂದರ್ಥ. ನಾನು ತಪ್ಪಿಲ್ಲದೆ ಹೇಳಿದ ಮೊದಲ ತುಳು ವಾಕ್ಯ ಅದು. ಜಗಲಿಯವರು ಚಪ್ಪಾಳೆ ತಟ್ಟಿದರು. "ಮೇಡಂಗೆ ತುಳು ಬತ್ತ್ಂಡ್ ಮಾರಾಯ್ರೆ!" ಎಂದು ಒಬ್ಬರು ಕೂಗಿದರು. ಆ ಸಂಜೆ ಅವ್ವನಿಗೆ ಫೋನು ಮಾಡಿ ಹೇಳಿಕೊಂಡೆ. ದಿನಕ್ಕೆ ಹತ್ತು ಹನ್ನೆರಡು ಸಲ ಆ ವಾಕ್ಯವನ್ನು ರಸ್ತೆಗೆ ಕೇಳುವಷ್ಟು ಗಟ್ಟಿಯಾಗಿ ಕೂಗುತ್ತಿದ್ದೆ.

ನನ್ನ ಬಳಿ ಎರಡು ಪುಸ್ತಕ ಇದ್ದವು. ಒಂದು ಕಚೇರಿಯ ರಿಜಿಸ್ಟರು, ಒಂದು ನನ್ನ ಡೈರಿ. ರಿಜಿಸ್ಟರಿನಲ್ಲಿ ಒಂದು ಹೆಸರು ನನ್ನನ್ನು ಕಾಡುತ್ತಿತ್ತು: ಸುಂದರಿ, ಮೂವತ್ತೊಂದು ವರ್ಷ, ಗುಡ್ಡದ ಮೇಲೆ ಬುಟ್ಟಿ ಹೆಣೆಯುವ ಕೊರಗರ ಕಾಲೊನಿ. ಎರಡು ತಿಂಗಳು ಕ್ಷಯದ ಮಾತ್ರೆ ತೆಗೆದುಕೊಂಡವಳು ಮೂರನೆಯ ತಿಂಗಳಿನದಕ್ಕೆ ಬರಲಿಲ್ಲ. ಕಾರ್ಡಿನಲ್ಲಿದ್ದ ಫೋನು ಹೋಗುತ್ತಿರಲಿಲ್ಲ. ಜೂನ್ ೨೫ರಂದು ವಾರಿಜಕ್ಕನನ್ನು ಕಳಿಸಿದೆ. "ಮನೆಯಲ್ಲಿ ಯಾರೂ ಇಲ್ಲ ಮೇಡಂ," ಎಂದು ಬಂದರು. ನಾನು "ಬೀಗ" ಎಂದು ಬರೆದೆ. ಗುಡ್ಡ ಹತ್ತಿ ನಾನೇ ಹೋಗಿ ನೋಡಬೇಕಿತ್ತು. ಹೋಗಲಿಲ್ಲ, ಆ ವಾರ ವರದಿಗಳಿದ್ದವು. ಜುಲೈ ೧೬ರಂದು ಅವಳ ಹೆಸರಿನ ಮುಂದೆ "ಚಿಕಿತ್ಸೆ ಬಿಟ್ಟವರು" ಎಂದು ಬರೆದು ಮೇಲಕ್ಕೆ ಕಳಿಸಿದೆ. ಅಕ್ಷರ ಚೆನ್ನಾಗಿದೆ, ಒಂದು ಕಡೆಯೂ ಹೊಡೆದು ಬರೆದಿಲ್ಲ.

ಡೈರಿಯಲ್ಲಿ ಅದೇ ದಿನಗಳ ಐದು ಬುಧವಾರ ನೀಲಿ ಪ್ಲಾಸ್ಟಿಕ್ಕಿನ ಹೆಂಗಸು ಇದ್ದಾಳೆ. ಜೂನ್ ೧೧, ೧೮, ೨೫. ಜುಲೈ ೨, ೯. ಪ್ರತಿ ಸಲವೂ "ಹತ್ತಲಿಲ್ಲ."

ಜುಲೈ ೩೦ರಂದು ಒಂದು ಆಟೋ ಕೇಂದ್ರದ ಗೇಟಿನ ಹೊರಗೆ ನಿಂತಿತು. ಒಳಗೆ ಒಬ್ಬಳನ್ನು ಮಲಗಿಸಿದ್ದರು, ಎದೆಯ ಮೇಲಿನ ಬಟ್ಟೆಯಲ್ಲಿ ರಕ್ತ. ಕಾಲ ಬಳಿ ನೀಲಿ ಪ್ಲಾಸ್ಟಿಕ್ ಮಡಚಿ ಇಟ್ಟಿತ್ತು. ಅವಳ ಗಂಡ ಐತ ನನ್ನ ಕೈಗೊಂದು ಕವರು ಕೊಟ್ಟ. ಅದರಲ್ಲಿ ಸುಂದರಿ ಎಂಬ ಹೆಸರಿದ್ದ ಚೀಟಿ, ಖಾಲಿಯಾದ ಮಾತ್ರೆ ಹಾಳೆಗಳು, ಒಂದೂ ಬಿಡದೆ ಜೋಡಿಸಿಟ್ಟದ್ದು.

"ಯಾಕೆ ಬರಲಿಲ್ಲ?" ಎಂದು ಕೇಳಿದೆ.

"ಐದು ಸರ್ತಿ ಬಂದದ್ದು ಮೇಡಂ," ಎಂದ ಐತ. ಸಿಟ್ಟಿರಲಿಲ್ಲ, ವಿವರ ಕೊಡುವ ದನಿ. "ನೀವು ಹೊರಗೆ ನಿಲ್ಲಿ ಅಂತ ಹೇಳ್ತಿದ್ರಿ. ನಿಂತೆವು. ಜನ ಖಾಲಿ ಆಗ್ಲಿ ಅಂತ. ಖಾಲಿ ಆಗುವಾಗ ನೀವು ಬಾಗಿಲು ಹಾಕ್ತಿದ್ರಿ."

ಆಂಬುಲೆನ್ಸಿಗೆ ಫೋನು ಮಾಡಿ ಮಂಗಳೂರಿಗೆ ಕಳಿಸಿದ ಮೇಲೆ ವಾರಿಜಕ್ಕನ ಮುಂದೆ ನಿಂತೆ. "ಅವರು ಅಲ್ಲಿ ನಿಲ್ಲೋದು ನಿಮಗೆ ಗೊತ್ತಿತ್ತಾ?"

"ಗೊತ್ತುಂಟು. ಅವ್ರು ಒಳಗೆ ಬರುದಿಲ್ಲ ಮೇಡಂ, ಮೊದಲಿಂದ ಹಾಗೆಯೇ. ಹಿಂದಿನ ಸಿಸ್ಟರ್ ಹನ್ನೆರಡಕ್ಕೆಲ್ಲ ಖಾಲಿ ಕೂತಿರ್ತಿದ್ರು. ಆಗ ಇವ್ರು ಗೇಟಿನ ಹತ್ರ ಬರುದು, ಸಿಸ್ಟರ್ ಕಂಪೌಂಡಿನ ಮೇಲಿಂದ ಮರ್ದು ಕೊಡುದು."

"ನನಗೆ ಹೇಳಬೇಕಿತ್ತಲ್ಲ?"

"ನೀವು ಕೇಳ್ಲಿಲ್ಲ ಅಲ್ವಾ ಮೇಡಂ."

ಕೇಳಬೇಕಾಗಿಯೂ ಇರಲಿಲ್ಲ, ನನಗೆ ಗೊತ್ತಿರಬೇಕಿತ್ತು. ನಮ್ಮೂರ ಹೋಟೆಲಿನ ಹೊರಗೆ ನಮ್ಮ ಕೇರಿಯವರಿಗೆ ಬೇರೆ ಲೋಟ ಇಡುತ್ತಿದ್ದರು. ಒಳಗಿನವರಿಗೆಲ್ಲ ಕೊಟ್ಟಾದ ಮೇಲೆ ನನ್ನ ಅಜ್ಜಿಗೆ ಚಹಾ. ಅವಳ ಸೀರೆ ಹಿಡಿದು ನಾನೂ ಬಿಸಿಲಲ್ಲಿ ನಿಂತಿದ್ದೇನೆ. ಐದು ನೂರು ಕಿಲೋಮೀಟರಿಗಿಂತ ದೂರ ಬಂದು, ಮೇಡಂ ಅನ್ನಿಸಿಕೊಂಡು, ಕಿಟಕಿಯ ಒಳಗಿಂದ ನೋಡಿದಾಗ ಅದೇ ನಿಲುವು ನನಗೆ ಬಸ್ಸಿಗೆ ಕಾಯುವವರ ಹಾಗೆ ಕಂಡಿತು.

ಆಗಸ್ಟ್ ೧೯ರಂದು ಸುಂದರಿ ತೀರಿಕೊಂಡಳು. ರಿಜಿಸ್ಟರಿನಲ್ಲಿ ಅದಕ್ಕೆ ಒಂದು ಚೌಕವಿದೆ, ಗುರುತು ಹಾಕಿದೆ.

ಮೊದಲ ಬಾರಿಗೆ ಗುಡ್ಡ ಹತ್ತಿದ್ದು ಅದರ ಮಾರನೆಯ ದಿನ. ಇಪ್ಪತ್ತೆರಡು ನಿಮಿಷದ ದಾರಿ. ಹನ್ನೊಂದು ಮನೆ. ಅಂಗಳದಲ್ಲಿ ಅರ್ಧ ಹೆಣೆದ ಬುಟ್ಟಿ, ಪಕ್ಕದಲ್ಲಿ ಬಳ್ಳಿಯ ಸಿಬಿರು. ಐತನ ಜತೆ ಏಳನೆಯ ತರಗತಿಯ ಮಗಳು ನಿಶ್ಮಿತಾ, ಮತ್ತು ಸುಂದರಿಯ ತಂಗಿ ಪ್ರೇಮಾ. ಪ್ರೇಮಾ ಮೂಡುಬಿದಿರೆಯಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಾಳೆ. ಕಾಲೊನಿಯಿಂದ ಅಷ್ಟು ಓದಿದವಳು ಅವಳೊಬ್ಬಳೇ. ಅಕ್ಕನ ಮಾತ್ರೆ ನಿಂತದ್ದು ಅವಳಿಗೆ ಯಾರೂ ತಿಳಿಸಿರಲಿಲ್ಲ. ಯಾರೂ ನನ್ನನ್ನು ಕೂರಿ ಎನ್ನಲಿಲ್ಲ. ನಾನೂ ಕೂರಲಿಲ್ಲ. ಅಪ್ಪ ಮಗಳಿಬ್ಬರ ಕಫ ತೆಗೆದುಕೊಂಡು ಇಳಿದೆ. ಐತನಿಗೆ ಏನೂ ಇರಲಿಲ್ಲ. ಮಗಳಿಗೂ ರೋಗವಿರಲಿಲ್ಲ, ಆದರೆ ಅಮ್ಮನ ಮಗ್ಗುಲಲ್ಲೇ ಮಲಗಿದ್ದ ಹುಡುಗಿ. ರೋಗ ಬಾರದಂತೆ ವಾರಕ್ಕೊಮ್ಮೆ ಮಾತ್ರೆ ನುಂಗಬೇಕು. ಹನ್ನೆರಡು ವಾರ, ಒಂದೂ ತಪ್ಪಬಾರದು. ಡೈರಿಯಲ್ಲಿ ಹನ್ನೆರಡು ಚೌಕ ಎಳೆದೆ.

ಸೆಪ್ಟೆಂಬರ್ ೩ರಂದು ನನ್ನ ಮೇಜನ್ನು ನಾನೇ ಹೊತ್ತು ರಸ್ತೆ ದಾಟಿಸಿ ಬಸ್ ಸ್ಟಾಪಿನಲ್ಲಿ ಇಟ್ಟೆ. ಕಾಲೊನಿಯವರನ್ನು ಇಲ್ಲಿಯೇ ನೋಡುತ್ತೇನೆ, ಇನ್ನು ಯಾರೂ ಕಾಯುವುದು ಬೇಡ ಎಂದು ಯೋಚಿಸಿದ್ದೆ. ರಜೆಯಲ್ಲಿದ್ದ ಪ್ರೇಮಾ, ಮಾತ್ರೆಗೆ ಮೊದಲು ತೂಕ ನೋಡಿಸಲು ನಿಶ್ಮಿತಾಳನ್ನು ಕರೆದುಕೊಂಡು ಬಂದವಳು ಮೇಜನ್ನೂ ನನ್ನನ್ನೂ ನೋಡಿದಳು.

"ಇದು ಎಂತ ಅಕ್ಕ?"

ಹೇಳಿದೆ. ಜತೆಗೆ, ಕಲಬುರಗಿಯಲ್ಲಿ ಓದುವಾಗ ನಮ್ಮ ಮೇಷ್ಟ್ರು ಹೇಳಿದ್ದನ್ನೂ ಹೇಳಿದೆ. ಅಮೆರಿಕದಲ್ಲಿ ಕಪ್ಪು ಜನರ ಮಕ್ಕಳನ್ನು ವೈದ್ಯಕೀಯ ಕಾಲೇಜುಗಳು ಸೇರಿಸಿಕೊಳ್ಳದಿದ್ದಾಗ, ಅವರ ರೋಗಿಗಳನ್ನು ಆಸ್ಪತ್ರೆಗಳು ಒಳಗೆ ಬಿಡದಿದ್ದಾಗ, ಅವರಿಗಾಗಿಯೇ ಬೇರೆ ಕಾಲೇಜುಗಳು ಹುಟ್ಟಿದವು. ಹೆಚ್ಚಿನವು ಮುಚ್ಚಿಹೋದವು. ಉಳಿದ ಒಂದೆರಡು ಈಗಲೂ ಡಾಕ್ಟರರಿಲ್ಲದ ಕೇರಿಗಳಿಗೆ ಡಾಕ್ಟರರನ್ನು ಕಳಿಸುತ್ತಿವೆ. ಈ ಪಾಠವನ್ನು ಅಂದು ಪೂರ್ತಿ ಬರೆದುಕೊಂಡಿದ್ದೆ. ಬೇರೆ ಜಾಗ ಎಂದರೆ ಕೆಟ್ಟದ್ದೇ ಆಗಬೇಕಾಗಿಲ್ಲ ಎಂದೆ.

"ಅಲ್ಲಿ ಕಲಿತ ಡಾಕ್ಟರರ ಹತ್ರ ಯಾರೆಲ್ಲ ಹೋಗ್ಬಹುದು?" ಎಂದು ಕೇಳಿದಳು ಪ್ರೇಮಾ.

"ಯಾರು ಬೇಕಾದರೂ."

"ಹಾಗಾದ್ರೆ ಅದು ಬೇರೆ. ಅದರಲ್ಲಿ ಅವರೇ ಡಾಕ್ಟರ್ ಆದದ್ದು. ಇಲ್ಲಿ ನೀವು ಮೇಜು ತಂದು ಹಾಕಿದ್ದು. ಇವತ್ತು ನೀವು ಇಲ್ಲಿ ಕೂತ್ರೆ ನಾಳೆಯಿಂದ ಇದೇ ನಮ್ಮ ಜಾಗ ಅಂತ ಆಗ್ತದೆ. ಮತ್ತೆ ಯಾರೂ ನಮ್ಮನ್ನು ಆಚೆ ಕರೆಯುದಿಲ್ಲ." ಕೇಂದ್ರದ ಕಡೆ ಕೈ ತೋರಿಸಿ, "ನೀವು ಹೊರಗೆ ನಿಲ್ಲಿಕ್ಕೆ ಹೇಳುದು ಕಲಿತಿದ್ದೀರಿ ಅಲ್ವಾ, ಇನ್ನೊಂದೂ ಕಲಿಯಿರಿ," ಎಂದಳು. "ಉಲಾಯಿ ಬಲೆ. ಒಳಗೆ ಬನ್ನಿ."

ಮೇಜಿನ ಒಂದು ತುದಿ ಅವಳು ಹಿಡಿದಳು, ಇನ್ನೊಂದು ನಾನು. ವಾಪಸು ತಂದೆವು.

ಮುಂದಿನ ಬುಧವಾರ, ಸೆಪ್ಟೆಂಬರ್ ೧೦, ಬಾಗಿಲು ತೆಗೆದು ಗೇಟಿಗೆ ಹೋಗಿ ರಸ್ತೆಯ ಆಚೆಗೆ ಹೆಸರು ಹಿಡಿದು ಕರೆದೆ. ಐತ ಕದಲಲಿಲ್ಲ. ಮತ್ತೆ ಕರೆದೆ. ನಿಶ್ಮಿತಾ ಅಪ್ಪನ ಕೈ ಬಿಟ್ಟು ರಸ್ತೆ ದಾಟಿದಳು. ಅವಳ ಹಿಂದೆ ಅವನು. ಟೋಕನ್ ಒಂದು, ಟೋಕನ್ ಎರಡು. ಬೆಂಚಿನ ಮೇಲೆ ಕೂರಿಸಿ ನಿಶ್ಮಿತಾಳಿಗೆ ಮೊದಲ ವಾರದ ಮಾತ್ರೆ ನುಂಗಿಸಿದೆ. ಬಿ.ಪಿ. ಮಾತ್ರೆಗೆ ಬಂದಿದ್ದ ಯಮುನಕ್ಕ ಅದೇ ಬೆಂಚಿನಲ್ಲಿದ್ದರು. ಎದ್ದರು. "ನಾಳೆ ಬರ್ತೇನೆ ಮೇಡಂ, ಒಲೆಯಲ್ಲಿ ಹಾಲು ಇಟ್ಟು ಬಂದಿದ್ದೇನೆ," ಎಂದು ಹೋದರು. ಆ ದಿನ ಟೋಕನ್ ಹದಿನಾಲ್ಕಕ್ಕೆ ನಿಂತಿತು. ಅದಕ್ಕೆ ಹಿಂದಿನ ವಾರ ಮೂವತ್ತೆಂಟು.

ಸಂಜೆ ಯಮುನಕ್ಕ ಅಂಗಳದಲ್ಲಿ ಕಾದಿದ್ದರು. "ನಿಮ್ಮದು ಯಾವ ಜನ ಅಂತ ಅವತ್ತು ನೀವು ಹೇಳ್ಲೇ ಇಲ್ಲ ಮೇಡಂ."

ಹೇಳಿದೆ.

ಅವರು ಬೈಯಲಿಲ್ಲ. ಮೂರು ದಿನ ಬಿಟ್ಟು, "ಮಗ ದುಬೈಯಿಂದ ಬರ್ತಾನೆ, ರೂಮು ಬೇಕಿತ್ತು," ಎಂದರು. ಹಲಸಿನ ಹಪ್ಪಳದ ಒಂದು ಕಟ್ಟನ್ನೂ ಕೈಗಿಟ್ಟರು. ನಮ್ಮಲ್ಲಾದರೆ ಜಗಳವಾಗುತ್ತಿತ್ತು, ಯಾರು ಎಲ್ಲಿ ನಿಂತಿದ್ದಾರೆಂದು ತಿಳಿಯುತ್ತಿತ್ತು. ಇಲ್ಲಿ ಹಪ್ಪಳ ಕೊಡುತ್ತಾರೆ. ಬಸ್ಸಿನ ದಾರಿಯ ಪೇಟೆ ಬಿ.ಸಿ.ರೋಡಿನಲ್ಲಿ ನಾಲ್ಕು ಕಡೆ, ಅದರ ಪಕ್ಕದ ನರಿಕೊಂಬಿನಲ್ಲಿ ಎರಡು ಕಡೆ ರೂಮು ಕೇಳಿದೆ. ದೂರವೆಂದು ನಾನು ಬಿಟ್ಟದ್ದು ಎರಡು, ಅವರೇ ಇಲ್ಲ ಎಂದದ್ದು ನಾಲ್ಕು. ಕೇಂದ್ರದ ಹಿಂದಿನ ಸಾಮಾನು ಕೋಣೆಯಲ್ಲಿ ಚಾಪೆ ಹಾಕಿಕೊಂಡೆ. ಯಮುನಕ್ಕನ ಮಗ ಇನ್ನೂ ಬಂದಿಲ್ಲ.

ಅಕ್ಟೋಬರಿನಲ್ಲಿ ವರ್ಗಾವಣೆಯ ಪಟ್ಟಿ ಬಂತು. ಯಾದಗಿರಿಯಲ್ಲಿ ನಮ್ಮೂರಿನ ಪಕ್ಕದಲ್ಲೇ ಒಂದು ಜಾಗ ಖಾಲಿ ಇತ್ತು. ನವೆಂಬರ್ ೧೩ರ ಬೆಳಿಗ್ಗೆ ಅಲ್ಲಿ ಹಾಜರಿರಬೇಕು, ಇಲ್ಲದಿದ್ದರೆ ಜಾಗ ಮುಂದಿನವರಿಗೆ. "ಬರ್ತೇನೆ ಅವ್ವ," ಎಂದೆ ಫೋನಿನಲ್ಲಿ.

"ಬರ್ತೇನೆ ಅಂತ! ಹಂಗ್ಯಾಕ ಪುಸ್ತಕ ಓದಿದಂಗ ಮಾತಾಡ್ಲಾಕತ್ತಿ?" ಎಂದು ಅವ್ವ ನಕ್ಕಳು. ಬಹಳ ದಿನಕ್ಕೆ ನಕ್ಕದ್ದು.

ನವೆಂಬರ್ ೧೨, ಬುಧವಾರ. ಹತ್ತನೆಯ ಚೌಕ. ನಿಶ್ಮಿತಾಳ ಮಾತ್ರೆಗಳನ್ನು ಎಣಿಸಿ ಪೊಟ್ಟಣ ಕಟ್ಟಿ, ಅದರ ಮೇಲೆ ಹೆಸರು ಬರೆದು ವಾರಿಜಕ್ಕನಿಗೆ ಕೊಟ್ಟಿದ್ದೆ. ಹೆಸರು ಹಿಡಿದು ಕರೆಯಿರಿ, ಒಳಗೆ ಕೂರಿಸಿ, ನಿಮ್ಮ ಎದುರೇ ನುಂಗಿಸಿ ಎಂದು ಎರಡು ಸಲ ಹೇಳಿದ್ದೆ. ಬಿ.ಸಿ.ರೋಡಿಗೆ ಹತ್ತೂಕಾಲರ ಬಸ್ಸು. ಅಲ್ಲಿಂದ ಮುಂದಿನ ದಾರಿ. ಸೂಟ್‌ಕೇಸ್ ಇಟ್ಟುಕೊಂಡು ಸ್ಟಾಪಿನಲ್ಲಿ ನಿಂತೆ. ಆಚೆ ಬದಿಯಿಂದ ಕೇಂದ್ರವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಕಿಟಕಿ ಕಾಣುತ್ತದೆ, ಒಳಗೆ ಕುಳಿತವರ ಮುಖ ಕಾಣುವುದಿಲ್ಲ.

ನಿಶ್ಮಿತಾ ಶಾಲೆಯ ಸಮವಸ್ತ್ರದಲ್ಲಿ ಒಬ್ಬಳೇ ಬಂದಳು. ಗೇಟಿನವರೆಗೆ ಹೋಗಿ ನಿಂತಳು. ಜಗಲಿಯಲ್ಲಿ ಜನ ಇದ್ದರು. ವಾರಿಜಕ್ಕ ಹೊರಗೆ ಬಂದರು, ಕರೆಯಲಿಲ್ಲ. ಕಂಪೌಂಡಿನ ಬಳಿ ಬಂದು, ಗೋಡೆಯ ಮೇಲಿಂದ ಪೊಟ್ಟಣ ನೀಡಿದರು. ಹುಡುಗಿ ಎರಡೂ ಕೈ ಎತ್ತಿ ತೆಗೆದುಕೊಂಡಳು.

ಬಸ್ಸು ಬಂದು ನಡುವೆ ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ನೇತುಕೊಂಡು, "ಮೇಡಂ, ಬರುದಾ ಇಲ್ವಾ?" ಎಂದ. ಸೀಟಿ ಊದಿದ. ಬಸ್ಸು ಹೋಯಿತು.

ರಸ್ತೆ ದಾಟಿದೆ. ಹುಡುಗಿಯ ಹೆಗಲು ಹಿಡಿದು, "ಉಲಾಯಿ ಬಲೆ," ಎಂದೆ. ವಾರಿಜಕ್ಕ ನನ್ನ ಸೂಟ್‌ಕೇಸನ್ನೂ ನನ್ನನ್ನೂ ನೋಡಿದರು. "ಮರ್ದು ಕೊಟ್ಟೆ ಅಲ್ವಾ ಮೇಡಂ, ಇನ್ನೆಂತ?"

ಬೆಂಚಿನಲ್ಲಿ ಕೂರಿಸಿ, ನೀರು ಕೊಟ್ಟು, ನುಂಗಿಸಿದೆ. ಪಕ್ಕದಲ್ಲಿದ್ದವರು ಸ್ವಲ್ಪ ಸರಿದರು; ಎದ್ದು ಹೋಗಲಿಲ್ಲ. ಹೋಗಲಿಲ್ಲ ಎಂಬುದನ್ನು ಬರೆದಿಟ್ಟಿದ್ದೇನೆ.

ಆಮೇಲೂ ನಾನು ಹೊರಡಲಿಲ್ಲ; ಯಾದಗಿರಿಯ ಜಾಗ ಬೇರೆಯವರಿಗೆ ಹೋಯಿತು. ಅವ್ವ ಫೋನಿನಲ್ಲಿ, "ಅಲ್ಲಿ ನಿನ್ನ ಯಾರರೆ ಮನೀ ಒಳಗ ಕರೀತಾರೇನವ್ವ?" ಎಂದು ಕೇಳಿದಳು. ಎರಡು ಚೌಕ ಬಾಕಿ ಉಂಟು ಎಂದೆ. ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಆ ದಿನದ ಲೆಕ್ಕ ಡೈರಿಯಲ್ಲಿ ಹೀಗಿದೆ: "ನಿಂತವರು ಒಬ್ಬರು. ಹೋದ ಬಸ್ಸು ಒಂದು. ಹತ್ತಿದವರು ಸೊನ್ನೆ." ಯಾವ ಊರಿನವರು ಎಂದು ಬರೆಯಲು ಹೋಗಿ ಪೆನ್ನು ಕೆಳಗಿಟ್ಟೆ.