ನಿಂತುಹೋದ ವಾಚೇ ಬೇಕಿತ್ತು

ನನ್ನ ಬಳಿ ಹದಿನಾಲ್ಕು ಹಳೆಯ ಸ್ವಿಸ್ ವಾಚುಗಳಿವೆ. ನೋಡಲು ಬಂದವರು ನನ್ನನ್ನು ದೊಡ್ಡ ರಸಿಕನೆಂದುಕೊಳ್ಳುತ್ತಾರೆ. ಮೊದಲನೆಯದನ್ನು ಕೊಂಡಾಗ ವಾಚಿನ ಬಗ್ಗೆ ನನಗೆ ಗೊತ್ತಿದ್ದದ್ದು ಒಂದೇ, ದಿನವೂ ತಪ್ಪದೆ ಕೀ ಕೊಡಬೇಕು ಎನ್ನುವುದು.

ಅದು ಅರವತ್ತರ ದಶಕದ ಆರಂಭ. ನನಗೆ ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ. ಜಯನಗರದ ಒಂದು ಹೊಸ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಸುತ್ತ ಕಲ್ಲು ನೆಟ್ಟ ಖಾಲಿ ಸೈಟುಗಳು; ರಸ್ತೆಗಳು ಬಂದಿದ್ದವು, ಜನ ಇನ್ನೂ ಬಂದಿರಲಿಲ್ಲ. ಓದುವ ಕಾಲದಲ್ಲಿ ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು ಬೆಳೆದವನು ನಾನು. ವಾರದ ಆರು ದಿನ ಸಲೀಸಾಗಿ ಕಳೆಯುತ್ತಿದ್ದವು. ಭಾನುವಾರ ಮಾತ್ರ ಸ್ನಾನ, ಬಟ್ಟೆ ಒಗೆಯುವುದು, ಶೂ ಪಾಲಿಶ್ ಎಲ್ಲ ಮುಗಿದರೂ ಇನ್ನೂ ಒಂಬತ್ತು ಗಂಟೆಯಾಗಿರುತ್ತಿತ್ತು.

ಅಂಥದೊಂದು ಭಾನುವಾರ ಬಸ್ಸು ಹತ್ತಿ ದಂಡಿನ ಕಡೆಗೆ, ಅಂದರೆ ಕಂಟೋನ್ಮೆಂಟಿಗೆ ಹೋದೆ. ಊರು ಬಿಟ್ಟು ಹೋಗುವ ಇಂಗ್ಲಿಷ್ ದೊರೆಗಳ ಸಾಮಾನನ್ನು ಅಲ್ಲೊಂದು ಅಂಗಡಿಯಲ್ಲಿ ಹರಾಜು ಹಾಕುತ್ತಿದ್ದರು. ಅಲ್ಲಿ ಆ ವಾಚನ್ನು ಕಂಡೆ. ಚಿನ್ನದ ಕೇಸು, ಕೆನೆ ಬಣ್ಣದ ಡಯಲ್ಲು, ಸೆಕೆಂಡಿನ ಮುಳ್ಳಿಗೆ ಕೆಳಗೆ ಬೇರೆಯೇ ಪುಟ್ಟ ವೃತ್ತ. ಓಡುತ್ತಿರಲಿಲ್ಲ. ಹಾಗಾಗಿಯೇ ಅದು ನನ್ನಂಥವನ ಕೈಗೆಟುಕಿತು.

ಹನುಮಂತನಗರದಲ್ಲಿ ವಯಸ್ಸಾದ ವಾಚು ರಿಪೇರಿಯವರೊಬ್ಬರಿದ್ದರು. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಚಿಕ್ಕ ಅಂಗಡಿ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ವಾಚನ್ನು ಬಿಚ್ಚಿ ನೋಡಿದರು.

"ಎಲ್ಲಿ ಹಿಡಿದ್ರಿ ಸಾರ್ ಇದನ್ನ?"

"ಹರಾಜಲ್ಲಿ."

"ವಾಚಲ್ಲ, ಜಮೀನ್ದಾರನ ಹೆಣ ತಂದಿದ್ದೀರಿ. ಇರ್ಲಿ, ಎಬ್ಬಿಸೋಣ."

ಒಳಗಿನ ಚಕ್ರವೊಂದರ ಅಚ್ಚು ಮುರಿದಿತ್ತು. ಆಗ ಹೊರದೇಶದ ಬಿಡಿಭಾಗ ಸಿಗುವುದು ಕಷ್ಟ. ತಾವೇ ಕೈಯಲ್ಲಿ ಕಡೆದು ಕೂರಿಸುತ್ತೇನೆ, ನಿಧಾನವಾಗುತ್ತದೆ ಎಂದರು. ಕೆಲಸ ಎಲ್ಲಿಗೆ ಬಂತೆಂದು ನೋಡಲು ಮುಂದಿನ ಭಾನುವಾರ ಹೋದೆ. ಅದರ ಮುಂದಿನ ಭಾನುವಾರವೂ ಹೋದೆ. ಸರಿಯಾಗಿ ಹತ್ತಕ್ಕೆ ತಲುಪುವಂತೆ ಮನೆ ಬಿಡುತ್ತಿದ್ದೆ. ಅವರು ಸ್ಟೂಲಿನ ಮೇಲಿನ ಡಬ್ಬಿಗಳನ್ನೆತ್ತಿ ಜಾಗ ಮಾಡುತ್ತಿದ್ದರು, ಪಕ್ಕದ ಹೋಟೆಲಿನಿಂದ ಒಂದು ಕಾಫಿ ತರಿಸಿ ಇಬ್ಬರಿಗೆ ಹಂಚುತ್ತಿದ್ದರು. ತಮ್ಮ ಮಸೂರವನ್ನೇ ಕೊಟ್ಟು, ಒಳ್ಳೆಯ ವಾಚಿನ ಒಳಭಾಗ ಹೇಗಿರುತ್ತದೆಂದು ತೋರಿಸುತ್ತಿದ್ದರು. ಡಯಲ್ಲಿಗೆ ಹೊಸದಾಗಿ ಬಣ್ಣ ಹೊಡೆಸೋಣವೇ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ತಾತನ ಮೀಸೆಗೆ ಮಸಿ ಬಳೀತೀರಾ? ಬೇಡ ಸಾರ್" ಎಂದು ನಕ್ಕರು. ಇಡೀ ವಾರದಲ್ಲಿ ನನ್ನೊಡನೆ ಕೆಲಸವಿಲ್ಲದ ಮಾತನ್ನಾಡುತ್ತಿದ್ದವರು ಅವರೊಬ್ಬರೇ.

ಹೀಗೆ ನಾಲ್ಕು ತಿಂಗಳು ಕಳೆದು ಸಂಕ್ರಾಂತಿ ಬಂತು. ಕಚೇರಿಯಲ್ಲಿ ಪಕ್ಕದ ಮೇಜಿನವರಿಗೆ ಈ ವಿಷಯ ಗೊತ್ತಾಯಿತು. "ಏನ್ ಸ್ವಾಮಿ, ನಿಮ್ಮ ವಾಚು ಇನ್ನೂ ಆಸ್ಪತ್ರೇಲೇ ಇದೆಯಾ? ಆತ ಎಂದೋ ಮಾರ್ಕೊಂಡು ಹಬ್ಬ ಮಾಡಿರ್ತಾನೆ ಬಿಡಿ" ಎಂದರು. ಎಲ್ಲರೂ ನಕ್ಕರು. ನನಗೆ ಅವಮಾನವಾಯಿತು. ಒಂದು ಗೆರೆ ಓರೆಯಾದರೂ, ಒಂದು ದಿನ ತಡವಾದರೂ ಸಹಿಸದವನು ನಾನು ಎಂದು ಹೆಸರಾಗಿತ್ತು.

ಆ ಭಾನುವಾರ ಅಂಗಡಿಯಲ್ಲಿ ಬೇರೆ ಗಿರಾಕಿಯೊಬ್ಬರು ನಿಂತಿದ್ದರು. ಅವರೆದುರಿಗೇ ಕೇಳಿದೆ. "ಏನ್ರೀ, ಒಂದು ಅಚ್ಚು ಕೂರಿಸೋಕೆ ನಾಲ್ಕು ತಿಂಗಳಾ? ಮಾತು ಕೊಟ್ಟ ಮೇಲೆ ಒಂದು ನಿಯಮ ಬೇಡವಾ?"

ಅವರು ಮಸೂರ ತೆಗೆದರು. ಡ್ರಾಯರು ಎಳೆದು, ಬಟ್ಟೆಯಲ್ಲಿ ಸುತ್ತಿದ್ದ ವಾಚನ್ನು ಮುಂದಿಟ್ಟರು. ಓಡುತ್ತಿತ್ತು. ನನ್ನ ಕೈಗಡಿಯಾರದ ಜೊತೆ ಹೋಲಿಸಿದೆ. ಒಂದು ನಿಮಿಷವೂ ಆಚೀಚೆ ಇರಲಿಲ್ಲ.

"ಯಾವತ್ತು ಮುಗೀತು?"

"ದೀಪಾವಳಿಗೆ ಮುಂಚೇನೇ ಸಾರ್. ದಿನಾ ಕೀ ಕೊಟ್ಟಿಟ್ಟಿದ್ದೀನಿ."

"ಹೇಳಬಾರದಿತ್ತಾ?"

"ಕೊಟ್ಟುಬಿಟ್ರೆ ನೀವ್ಯಾಕೆ ಬರ್ತೀರಿ?" ಎಂದರು. ಬೇಸರವನ್ನೇನೂ ತೋರಿಸಲಿಲ್ಲ. ಆಮೇಲೆ ಆ ಗಿರಾಕಿಯ ಕಡೆ ತಿರುಗಿ, "ಹೇಳಿ ಸಾರ್" ಎಂದರು.

ಆ ಹೊತ್ತಿಗೆ ಅಲ್ಲೇ ಕೂತುಬಿಡಬಹುದಿತ್ತು. ತಪ್ಪಾಯಿತು ಎನ್ನಬಹುದಿತ್ತು. ನಾನು ಕೂಲಿ ಕೊಟ್ಟು, ವಾಚನ್ನು ಜೇಬಿಗಿಟ್ಟುಕೊಂಡು ಹೊರಟೆ. ಕೆಲಸ ಮುಗಿದ ಮೇಲೆ ಇನ್ನೊಬ್ಬರ ಅಂಗಡಿಯಲ್ಲಿ ಕೂರುವುದು ನನಗೆ ಬಾರದ ವಿದ್ಯೆ. ಮುಂದಿನ ಭಾನುವಾರ ಹನುಮಂತನಗರದವರೆಗೂ ನಡೆದು ಹೋದೆ. ವಾಚು ನೆಟ್ಟಗೆ ಓಡುತ್ತಿತ್ತು. ಹೇಳಲು ಒಂದು ದೂರೂ ಇರಲಿಲ್ಲವಾದ್ದರಿಂದ ರಸ್ತೆಯ ತಿರುವಿನಿಂದಲೇ ವಾಪಸು ಬಂದೆ.

ನಾಲ್ಕನೆಯ ಭಾನುವಾರ ಮತ್ತೆ ಹರಾಜಿಗೆ ಹೋದೆ. ಚೆನ್ನಾಗಿ ಓಡುವ ವಾಚನ್ನು ತೋರಿಸಿದರು, ಬೇಡವೆಂದೆ. ನಿಂತುಹೋದದ್ದನ್ನು ಹುಡುಕಿ, ಕೀ ತಿರುಗದ ಒಂದನ್ನು ಹನುಮಂತನಗರಕ್ಕೆ ತಂದು ರಿಪೇರಿಯವರ ಮುಂದಿಟ್ಟೆ. ಇದಕ್ಕೆ ಕಡಿಮೆಯೆಂದರೂ ಎರಡು ತಿಂಗಳು ಬೇಕಾದೀತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ.

ಅವರು ಬಿಚ್ಚಿ ನೋಡಿದರು. "ಬುಧವಾರ ಸಂಜೆ ಆರಕ್ಕೆ ಬನ್ನಿ ಸಾರ್."

"ಅವಸರವಿಲ್ಲ. ನಿಧಾನವಾಗಿ ಮಾಡಿ."

"ಇಲ್ಲ ಸಾರ್, ಬುಧವಾರ ಕೊಡ್ತೀನಿ."

ಬುಧವಾರ ಆರಕ್ಕೆ ಹೋದಾಗ ವಾಚು ಸಿದ್ಧವಾಗಿತ್ತು. ಸ್ಟೂಲಿನ ತುಂಬ ಡಬ್ಬಿಗಳಿದ್ದವು. ಅಲ್ಲಿಂದ ಮುಂದೆ ಅವರು ನನ್ನ ಯಾವ ವಾಚನ್ನೂ ಒಂದು ದಿನ ತಡ ಮಾಡಲಿಲ್ಲ. ಕೊಡಲು ಒಮ್ಮೆ, ತರಲು ಒಮ್ಮೆ, ಒಂದು ವಾಚಿಗೆ ಎರಡೇ ಸಲ ಆ ಅಂಗಡಿಗೆ ಹೋಗಬಹುದಿತ್ತು. ಹಾಗಾಗಿ ನಾನು ಮತ್ತೊಂದನ್ನು ಕೊಂಡೆ.