ತಿದ್ದುಪಡಿ ಓದುತ್ತಿದ್ದ ಕಾಕಾ

ವಸಂತ ಕಾಕಾ ಪತ್ರಿಕೆ ಬಿಡಿಸಿದರೆ ಮೊದಲು ಹುಡುಕುತ್ತಿದ್ದುದು ತಿದ್ದುಪಡಿಯನ್ನು. ಮುಖಪುಟದಲ್ಲಿ ಸರ್ಕಾರವೇ ಉರುಳಿರಲಿ, ಅದನ್ನು ಅತ್ತ ಸರಿಸಿ, ಒಳಪುಟದ ಮೂಲೆಯಲ್ಲಿ 'ನಿನ್ನೆ ತಪ್ಪಾಗಿ ಪ್ರಕಟವಾಗಿದೆ, ವಿಷಾದಿಸುತ್ತೇವೆ' ಎಂಬ ಬೆರಳುದ್ದದ ಸಾಲು ಇದೆಯೇ ಎಂದು ಕನ್ನಡಕ ಏರಿಸಿ ನೋಡುವರು. ಸಿಕ್ಕಿದ ದಿನ ಅವರ ಮುಖ ಅರಳುತ್ತಿತ್ತು. "ನೋಡ್ರಿ, ತಪ್ಪಾತು ಅಂತ ಅಚ್ಚು ಹಾಕಿ ಹೇಳ್ಯಾರ. ನಂಬಿದ್ರ ಇಂಥವರನ್ನ ನಂಬಬೇಕು," ಎನ್ನುತ್ತಿದ್ದರು.

ಅವರು ನಮ್ಮ ಬಳಗದವರಲ್ಲ. ಹೈದರಾಬಾದಿನ ಬೇಗಂಪೇಟೆಯ ನಮ್ಮ ಗಲ್ಲಿಯಲ್ಲಿ ಎದುರು ಮನೆಯವರು, ನಮ್ಮ ಹಾಗೆ ಕಲಬುರ್ಗಿ ಕಡೆಯಿಂದ ಬಂದವರು. ಬಾಲಾನಗರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ನಿವೃತ್ತರಾಗಿದ್ದರು. ದಿನಾ ಬಸ್ಸು ಹಿಡಿದು ಸಿಕಂದರಾಬಾದ್ ಸ್ಟೇಷನ್ನಿಗೆ ಹೋಗಿ, ರೈಲಿನಲ್ಲಿ ಬರುವ ಕನ್ನಡ ಪತ್ರಿಕೆ ತರುವುದು ಅವರ ನೇಮ. ಅದು ಹೈದರಾಬಾದು ಮುಟ್ಟುವಷ್ಟರಲ್ಲಿ ಒಂದು ದಿನ ಹಳತಾಗಿರುತ್ತಿತ್ತು. ಊರೆಲ್ಲ ಇವತ್ತಿನಲ್ಲಿದ್ದರೆ ಕಾಕಾ ಒಬ್ಬರೇ ನಿನ್ನೆಯಲ್ಲಿ. ನಾವು ನಕ್ಕರೆ, "ಸುದ್ದಿ ಆರಬೇಕವ್ವಾ. ಬಿಸಿ ಇದ್ದಾಗ ಬಾಯಿಗಿಟ್ಟರ ರುಚಿ ತಿಳಿಯೂದಿಲ್ಲ, ನಾಲಿಗಿ ಸುಡತೈತಿ," ಎನ್ನುವರು.

ಭಾನುವಾರ ಗಲ್ಲಿಯ ಕನ್ನಡದ ಮಕ್ಕಳನ್ನೆಲ್ಲ ಕೂರಿಸಿಕೊಂಡು ಪತ್ರಿಕೆ ಓದಿಸುತ್ತಿದ್ದರು. ಶಾಲೆಯಲ್ಲಿ ತೆಲುಗು, ಇಂಗ್ಲಿಷು, ಬೀದಿಯಲ್ಲಿ ಹಿಂದಿ. ಇವತ್ತು ನಾನು ನಾಲ್ಕು ಸಾಲು ಕನ್ನಡ ಬರೆಯುತ್ತೇನೆಂದರೆ ಅದು ಅವರು ಹಿಂಡಿದ ಕಿವಿಯ ಫಲ. ಹಳೆಯ ಪತ್ರಿಕೆಗಳು ತಿಂಗಳಿಗೊಮ್ಮೆ ರದ್ದಿಯವನ ಚೀಲ ಸೇರುತ್ತಿದ್ದವು. ಅವನು ಕಾಕಾನ ಕಟ್ಟೆಯ ಮೇಲೆ ಕೂತು ಚಹಾ ಕುಡಿಯದೆ ಹೋಗುತ್ತಿರಲಿಲ್ಲ. ಇಬ್ಬರೂ ಸುತಳಿ ಕಟ್ಟುತ್ತ ಉರ್ದು ಬೆರೆತ ಹಿಂದಿಯಲ್ಲಿ ಗಂಟೆಗಟ್ಟಲೆ ಹರಟುವರು.

ನನಗೆ ಹದಿನೈದಾದಾಗ ಅಣ್ಣನ ಹಳೆಯ ಮೊಬೈಲು ಕೈಗೆ ಬಂತು. ಆಮೇಲೆ ಪತ್ರಿಕೆ ಯಾರಿಗೆ ಬೇಕು? ಯಾವ ಪರೀಕ್ಷೆ ಮುಂದಕ್ಕೆ ಹೋಯಿತು, ನಾಳೆ ಬಂದ್ ಇದೆಯೋ ಇಲ್ಲವೋ, ಎಲ್ಲ ಮೆಸೇಜಿನಲ್ಲೇ. ಎರಡು ಸಲ ಬಂದ್ ಸುದ್ದಿ ಟಿವಿಗಿಂತ ಮೊದಲೇ ಹೇಳಿದೆ, ನಿಜವೂ ಆಯಿತು. ಅಪ್ಪ ಆಫೀಸಿಗೆ ಹೊರಡುವ ಮುಂಚೆ ನನ್ನನ್ನು ಕೇಳತೊಡಗಿದರು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಒಂದು ಮಧ್ಯಾಹ್ನ ಬಂದ ಮೆಸೇಜು: ಗೋಣಿಚೀಲ ಹೊತ್ತವರು ಮಕ್ಕಳನ್ನು ಎತ್ತಿಕೊಂಡು ಹೋಗುತ್ತಿದ್ದಾರೆ, ಹತ್ತು ಜನರಿಗೆ ತಿಳಿಸಿ. ಹತ್ತು ಜನರಿಗೆ ಕಳಿಸಿದೆ. ಅಪ್ಪನಿಗೂ ಕಳಿಸಿದೆ. ಅವ್ವನಿಗೆ ಓದಿ ಹೇಳಿದೆ, ಅವ್ವ ಕಾಂಪೌಂಡಿನಾಚೆ ಹೇಳಿದಳು. ಸಂಜೆಯ ಹೊತ್ತಿಗೆ ಗಲ್ಲಿಯ ಕೂಸುಗಳನ್ನೆಲ್ಲ ಒಳಗೆ ಕೂಡಿಹಾಕಿದ್ದರು.

ಕಾಕಾ ಮಾತ್ರ ಕಟ್ಟೆಯಿಂದ ಏಳಲಿಲ್ಲ. "ಯಾರ ಕೂಸು ಹೋಗೇತಿ? ಹೆಸರು ಹೇಳ್ರಿ. ಯಾವ ಪೊಲೀಸ್ ಠಾಣೆಯಾಗ ಬರಸ್ಯಾರ?" ಯಾರಿಗೂ ಗೊತ್ತಿರಲಿಲ್ಲ. "ಹಂಗಾರ ತಡೀರಿ, ಪೇಪರ್ ಬರಲಿ."

"ನಿಮ್ಮ ಪೇಪರ್ ಬರೂದ್ರಾಗ ಕೂಸು ಮುಂಬೈ ಮುಟ್ಟಿರತೈತಿ ಬಿಡ್ರಿ," ಎಂದಳು ಅವ್ವ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಎರಡು ದಿನ ಬಿಟ್ಟು ರದ್ದಿಯವನು ಬಂದ, ಎಂದಿನಂತೆ ಹೆಗಲ ಮೇಲೆ ಗೋಣಿಚೀಲ. ಕಾಕಾನ ಮನೆಯಿಂದ ಚೀಲ ತುಂಬಿಕೊಂಡು ಗಲ್ಲಿಯ ತುದಿ ದಾಟುವುದರೊಳಗೆ ಜನ ಸೇರಿತ್ತು. "ಪಟ್ಟುಕೋಂಡಿ!" ಹಿಡಿಯಿರಿ ಎಂದು ಯಾರೋ ತೆಲುಗಿನಲ್ಲಿ ಕೂಗಿದರು. ಹೊಡೆದವರು ಹೊರಗಿನವರೇನಲ್ಲ, ನಮ್ಮ ಗಲ್ಲಿಯ ಸಭ್ಯಸ್ಥರೇ. ಕಾಕಾ ಬರಿಗಾಲಲ್ಲಿ ಓಡಿ ಬಂದರು. "ನಕ್ಕೋ ಮಾರೋ! ಹೊಡೀಬ್ಯಾಡ್ರಿ! ಇವ ನಮ್ಮಾಂವರೀ, ಹತ್ತು ವರ್ಷದಿಂದ ಬರ್ತಾನ!" ಎಂದು ಬಂದ ಭಾಷೆಯಲ್ಲೆಲ್ಲ ಕಿರುಚುತ್ತ ಅವನ ಮೇಲೆ ಅಡ್ಡಬಿದ್ದರು. ಚೀಲ ಕೊಡವಿದಾಗ ಬಿದ್ದದ್ದು ಬರೀ ಕಾಗದ. ಅವನ ಕಿವಿಯಿಂದ ರಕ್ತ ಸುರಿಯುತ್ತಿತ್ತು. ಕಾಕಾನೇ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದರು. ನಾನು ಮಾಳಿಗೆಯ ಮೇಲೆ ನಿಂತು ನೋಡಿದೆ. ಅವನು ಬದುಕಿಕೊಂಡ, ಆದರೆ ಆ ಕಿವಿ ಹೋಯಿತು. ನಮ್ಮ ಗಲ್ಲಿಗೆ ಮತ್ತೆ ಕಾಲಿಡಲಿಲ್ಲ.

ಮರುದಿನ ಕಾಕಾ ಮನೆಮನೆಗೆ ಹೋಗಿ ಕೇಳಿದರು. "ಈ ಸುದ್ದಿ ಮೊದಲ ಯಾರಿಗೆ ಬಂತು?" ಎಲ್ಲರದೂ ಒಂದೇ ಉತ್ತರ: "ಮೆಸೇಜ್ ಬಂದಿತ್ರಿ." ನಮ್ಮ ಮನೆಗೆ ಬಂದಾಗ ನಾನು ಬಾಗಿಲ ಹಿಂದೆ ಅಡಗಿ ನಿಂತಿದ್ದೆ.

ಆಮೇಲೆ ವಾರವಿಡೀ ಅವರು ಪತ್ರಿಕೆಯ ಒಂದೊಂದು ಕಾಲಮ್ಮಿನ ಮೇಲೂ ಬೆರಳಿಟ್ಟು ಹುಡುಕಿದರು. ಮಕ್ಕಳ ಕಳ್ಳರ ಸುದ್ದಿ ಇರಲಿಲ್ಲ, ಅದು ಸುಳ್ಳಾಗಿತ್ತು. ಹೊಡೆತದ ಸುದ್ದಿಯೂ ಇರಲಿಲ್ಲ, ಅದು ನಿಜವಾಗಿತ್ತು. "ಯಾರದೋ ನಾಯಿ ಕಳದದ್ದು ಹಾಕ್ಯಾರ. ಒಬ್ಬ ಮನಶಾನ ಕಿವಿ ಹೋದದ್ದು ಇವರಿಗೂ ಬ್ಯಾಡಾತು," ಎಂದು ಪತ್ರಿಕೆ ಮಡಿಚಿಟ್ಟರು. ಮರುದಿನದಿಂದ ಸ್ಟೇಷನ್ನಿಗೆ ಹೋಗಲಿಲ್ಲ. ನನ್ನ ಮೊಬೈಲಿಗೂ 'ಅದು ಸುಳ್ಳು' ಎಂಬ ಮೆಸೇಜು ಬರಲಿಲ್ಲ. ಅದೇ ಹತ್ತು ಜನರಿಗೆ ನಾನಾದರೂ ಕಳಿಸಬಹುದಿತ್ತು. ಕಳಿಸಲಿಲ್ಲ. ಈಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುವುದು ಇದಕ್ಕೇ.

ನಾಲ್ಕು ವರ್ಷದ ಮೇಲೆ ಕಾಕಾ ಹಾಸಿಗೆ ಹಿಡಿದರು. ನೋಡಲು ಹೋದ ಮಧ್ಯಾಹ್ನ ಮಂಚದ ಪಕ್ಕ ಕೂತು, ಹೇಗೋ ಬಾಯಿ ಬಿಟ್ಟೆ. "ಕಾಕಾ, ಆ ಮೆಸೇಜು ಗಲ್ಲಿಯಾಗ ಮೊದಲ ಬಂದದ್ದು ನನಗರೀ. ಎಲ್ಲಾರಿಗೂ ಕಳಿಸಿದ್ದು ನಾನ."

"ಗೊತ್ತೈತಿ. ಆವತ್ತ ನಿಮ್ಮಪ್ಪ ಫೋನ್ ತೋರಿಸಿದ್ದ, ಕಳಿಸಿದಾಕಿ ನೀನ ಅಂತ ಅದರಾಗಿತ್ತು."

"ಮತ್ತ ನೀವು ಏನೂ ಅನ್ಲಿಲ್ಲಲ್ರೀ?"

"ನೀನಾಗಿ ಹೇಳ್ತಿ ಅಂತ ಕಾದೆ." ದಮ್ಮು ತೆಗೆದುಕೊಂಡರು. "ಈಗ ನನ್ನ ಮುಂದ ಹೇಳಿ ಏನ್ ಮಾಡ್ತಿ? ಅವನ್ನ ಹುಡುಕಿ ಅವನ ಮುಂದ ಹೇಳು."

"ಹೂನ್ರೀ, ಹುಡುಕ್ತೀನಿ."

"ಏನಂತ ಕೇಳಿ ಹುಡುಕ್ತಿ? ಅವನ ಹೆಸರೇನು?"

ನಾನು ಸಣ್ಣವಳಿದ್ದಾಗಿನಿಂದ ಅವನು ನಮ್ಮ ಬಾಗಿಲಿಗೆ ಬರುತ್ತಿದ್ದ. ನನ್ನ ಹಳೆಯ ನೋಟುಬುಕ್ಕುಗಳನ್ನೆಲ್ಲ ಒಯ್ದವನು ಅವನೇ. ನಮ್ಮ ಮನೆಯಲ್ಲಿ ಯಾರೂ ಅವನ ಹೆಸರು ಕೇಳಿದ್ದಿಲ್ಲ. ಕಾಕಾ ಹೆಸರು ಹೇಳಲಿಲ್ಲ, ಗೋಡೆಯ ಕಡೆ ಹೊರಳಿದರು.

ಮುಂದಿನ ವಾರ ಅವರು ಹೋಗಿಬಿಟ್ಟರು. ಆ ಹೆಸರು ಗೊತ್ತಿದ್ದವರು ನಮ್ಮ ಗಲ್ಲಿಯಲ್ಲಿ ಅವರೊಬ್ಬರೇ.